ಮಲ್ಲಯ್ಯನ ಅತ್ತೆಯ ಹಿತ್ತಲ ಹಾದಿ

ನಮ್ಮ ಓಣಿಯಲ್ಲಿ ಆಕೆ ಬಾಗಿಲು ಬಡಿದ ಸಪ್ಪಳವನ್ನು ಯಾರೂ ಕೇಳಿದವರಲ್ಲ. ಮುಂದಿನ ಬಾಗಿಲಿಗೆ ಬಂದು "ಅದೀರೇನ್ರಿ" ಎಂದು ಕೂಗುವುದು ಬೀಗರ, ಪೋಸ್ಟಿನವರ, ಓಟು ಕೇಳಲು ಬರುವವರ ಕೆಲಸವೆಂದು ಆಕೆಯ ಅಭಿಪ್ರಾಯ. ಆಕೆ ಬರುತ್ತಿದ್ದುದು ಹಿತ್ತಲಿನಿಂದ. ನಾವು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಒಳಗೆ ಪಾತ್ರೆಯ ಮುಚ್ಚಳ ಸರಿದ ಸದ್ದಾಗುತ್ತಿತ್ತು. ಬೆಕ್ಕು ಹೊಕ್ಕಿತೆಂದು ನನ್ನ ಹೆಂಡತಿ ಕಸಬರಿಗೆ ಹಿಡಿದು ಓಡುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತಿತ್ತು: "ಪುಂಡಿಪಲ್ಲೇಕ್ಕ ಬಳ್ಳೊಳ್ಳಿ ಕಡಿಮಿ ಬಿದ್ದೈತಿ ನೋಡವಾ."

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಚಿಗವ್ವಾ, ಮುಂದಿನ ಬಾಗಲದಿಂದ ಬಂದ್ರ ಏನಾಕ್ಕೈತಿ?"

"ಮುಂದಿನ ಬಾಗಲದಾಗ ಸಂಸಾರದ ಫೋಟೋ ಇರತೈತಿ ಲೇ. ಸಂಸಾರ ಇರೂದು ಹಿತ್ತಲದಾಗ" ಎಂದಳು.

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತೀರಿಕೊಂಡವರ ಬಗ್ಗೆ ಗೌರವ ಎಂದು ಬೇಕಾದರೆ ತಿಳಿಯಿರಿ. ನಿಜ ಹೇಳಬೇಕೆಂದರೆ, ತನ್ನ ಹೆಸರು ಹಿಡಿದು ಏನು ಬರೆದಿದ್ದಾನೆಂದು ವಿಚಾರಿಸಲು ಆಕೆ ಎಲ್ಲಿದ್ದರೂ ಎದ್ದು ಬಂದಾಳೆಂಬ ಭಯ ನನಗಿನ್ನೂ ಇದೆ.

ನನ್ನದು ಶಲವಡಿಯಲ್ಲಿ ಒಂದು ಹಿಟ್ಟಿನ ಗಿರಣಿ. ಆಕೆಯ ಹಿತ್ತಲಿಗೂ ನನ್ನ ಗಿರಣಿಗೂ ನಡುವೆ ಒಂದು ಬೇವಿನ ಗಿಡ, ಒಂದು ಮೊಣಕಾಲೆತ್ತರದ ಗೋಡೆ. ಆ ಗೋಡೆಯನ್ನು ಆಕೆ ಎಪ್ಪತ್ತು ದಾಟಿದ ಮೇಲೂ ಸೀರೆ ಎತ್ತಿ ಕಟ್ಟಿ ದಾಟಿಯೇ ಬರುತ್ತಿದ್ದಳು. ಆಕೆಯ ಜೋಳವನ್ನು ಗೋದಿ ಬೀಸಿದ ಮೇಲೆ ಬೀಸುವಂತಿಲ್ಲ, ಕಡಲೆ ಬೀಸಿದ ಮೇಲಂತೂ ಕೇಳಲೇಬೇಡಿ. ಜೋಳದ ಹಿಂದೆ ಜೋಳವೇ ಹೋಗಬೇಕು. ಗಿರಣಿ ಬಾಯಿಂದ ಬಿಸಿ ಹಿಟ್ಟು ಬೀಳುವಾಗ ಚಿಟಿಕೆ ಹಿಡಿದು ಬೆರಳಲ್ಲಿ ತಿಕ್ಕಿ ನೋಡಿ, "ಕಲ್ಲಿಗೆ ಉಳಿ ಹೊಡಸಿ ಎಷ್ಟ ದಿನಾ ಆತಲೇ ಗಿರಣಿ?" ಎನ್ನುವಳು. ನನಗೂ ಅಪ್ಪ ಅವ್ವ ಇಟ್ಟ ಹೆಸರೊಂದಿದೆ. ಆಕೆ ಅದನ್ನು ಬಳಸಿದ್ದು ನನ್ನ ಮದುವೆಯ ಲಗ್ನಪತ್ರಿಕೆ ಓದುವಾಗ ಒಮ್ಮೆ ಮಾತ್ರ.

ಹೊಸದಾಗಿ ಬಂದ ಮಾಸ್ತರರೊಬ್ಬರ ಮನೆಯವರು ಆಕೆಯ ಕಾಟ ತಾಳದೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಸಿದರು. ಮರುದಿನ ಆಕೆ ದನದ ಕೊಟ್ಟಿಗೆಯಿಂದ ಬಂದಳು. ಕೊಟ್ಟಿಗೆಗೂ ಕದ ಬಿತ್ತು. ಮೂರನೆಯ ದಿನ ಆ ಹೆಣ್ಣುಮಗಳು ಕಾಯ್ದಳು, ಯಾರೂ ಬರಲಿಲ್ಲ. ನಾಲ್ಕನೆಯ ದಿನವೂ ಬರಲಿಲ್ಲ. ಐದನೆಯ ದಿನ ತಾನೇ ಚಿಲಕ ತೆಗೆದಿಟ್ಟು, ಮಾದಲಿ ಮಾಡುವುದು ಹೇಗೆಂದು ಕೇಳುವ ನೆಪದಲ್ಲಿ ಗೋಡೆಯಾಚೆ ಇಣುಕಿದಳು.

ಆ ಮುಚ್ಚಳ ಎತ್ತುವ ಚಟವನ್ನು ನಾನೂ ಬಹಳ ದಿನ ಬೈದುಕೊಂಡಿದ್ದೇನೆ. ಒಂದು ಮಳೆಗಾಲದಲ್ಲಿ ನನ್ನ ಗಿರಣಿಯ ಮೋಟಾರು ಸುಟ್ಟು ತಿಂಗಳುಗಟ್ಟಲೆ ಕಲ್ಲು ತಿರುಗಲಿಲ್ಲ. ಊರೆಲ್ಲ ನನ್ನ ಮುಂದಿನ ಬಾಗಿಲಲ್ಲಿ ನಿಂತು "ಹೆಂಗ ನಡದೈತಿ?" ಎಂದು ಕೇಳಿತು, ನಾನು "ಅಗದಿ ಬೆಸ್ಟ್" ಎಂದೆ. ಆಕೆ ಹಿತ್ತಲಿನಿಂದ ಬಂದು ಮುಚ್ಚಳ ಎತ್ತಿ ನೋಡಿದಳು. ಒಳಗೆ ಗಂಜಿ ಬಿಟ್ಟು ಬೇರೇನಿರಲಿಲ್ಲ. ಅಂದು ತೀರ್ಪು ಹೇಳದೆ ಮುಚ್ಚಳ ಮುಚ್ಚಿ ಗೋಡೆ ದಾಟಿ ಹೋದಳು. ಮಧ್ಯಾಹ್ನ ಒಂದು ಬುಟ್ಟಿ ರೊಟ್ಟಿ, ಒಂದು ಬೋಗುಣಿ ಝುಣಕ ಗೋಡೆಯ ಮೇಲೆ ಕೂತಿತ್ತು, ಮೋಟಾರು ರಿಪೇರಿಯಾಗುವ ತನಕ ದಿನವೂ ಕೂರುತ್ತಿತ್ತು. ಅದರ ಬಗ್ಗೆ ಆಕೆ ಯಾವತ್ತೂ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಈಗ ಆಡುತ್ತಿದ್ದೇನೆ.

ಊರಲ್ಲಿ ಆಕೆಗಿದ್ದ ಅಡ್ಡಹೆಸರು 'ಮಲ್ಲಯ್ಯನ ಅತ್ತಿ'. ನಮ್ಮ ಕಡೆಯ ಶಿವಭಕ್ತರಿಗೆ ಶ್ರೀಶೈಲದ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮುಂಚೆ ಸೀರೆ, ಖಣ, ಬಳೆ, ಉಡಿ ತುಂಬುವ ಸಾಮಾನು ಕಟ್ಟಿಕೊಂಡು ಹದಿನೈದು ದಿನ ನಡೆದುಹೋಗುವುದು ದೇವರ ದರ್ಶನಕ್ಕೆ ಎನ್ನುವುದಕ್ಕಿಂತ ಮಗಳನ್ನು ನೋಡಿ ಬರುವುದಕ್ಕೆ. ಉಳಿದವರಿಗೆ ಇದು ಭಕ್ತಿಯ ಮಾತು. ಆಕೆಗೆ ಮಾತ್ರ ಇದು ಸಂಸಾರದ ವ್ಯವಹಾರ. ಹೋಗಿ ಬಂದ ಮೇಲೆ ಯಾರಾದರೂ "ದರ್ಶನ ಚಲೋ ಆತೇನ್ರಿ?" ಎಂದು ಕೇಳಿದರೆ, "ಚಲೋ ಇಟ್ಟಾನ. ಸೀರಿ ಹಸರು ಉಡಿಸಿದ್ದರು, ಜರಾ ಸೊರಗಿದಂಗ ಕಂಡ್ಳು. ಅಲ್ಲಿ ಬಿಸಲು ಭಾಳ" ಎಂದು ವರದಿ ಒಪ್ಪಿಸುವಳು.

ಆತ್ಮಕೂರು ದಾಟಿದ ಮೇಲೆ ಶ್ರೀಶೈಲಕ್ಕೆ ಎರಡು ದಾರಿ. ಒಂದು ಡಾಂಬರು ರಸ್ತೆ, ಸುತ್ತುಹಾಕಿ ಘಾಟ್ ಹತ್ತುತ್ತದೆ, ಕಾಲು ಸೋತವರು ಗಾಡಿಯಲ್ಲೂ ಹೋಗಬಹುದು. ಇನ್ನೊಂದು ಕಾಡೊಳಗಿನ ಗುಡ್ಡದ ಹಾದಿ. ಕಲ್ಲು, ಮುಳ್ಳು, ನೀರಿಗೆ ತತ್ವಾರ, ಕೊನೆಗೆ ಭೀಮನ ಕೊಳ್ಳವೆಂಬ ಆಳವಾದ ಕಣಿವೆ. ಅದಕ್ಕೆ ಇಳಿದು, ಎದುರಿನ ಮೆಟ್ಟಿಲುಗಳನ್ನು ಹತ್ತಿದರೆ ಕೈಲಾಸ ಬಾಗಿಲು. ಆಕೆ ಪ್ರತಿ ವರ್ಷ ಗುಡ್ಡದ ಹಾದಿಯನ್ನೇ ಹಿಡಿಯುತ್ತಿದ್ದಳು. ಕಷ್ಟಪಟ್ಟರೆ ಪುಣ್ಯ ಹೆಚ್ಚು ಎಂದು ಎಲ್ಲರೂ ತಿಳಿದಿದ್ದರು. ಆಕೆಯ ಲೆಕ್ಕ ಬೇರೆ. "ಟಾರ್ ರೋಡು ಅಳಿಯನ ಮುಂದಿನ ಬಾಗಲಾ. ಗಾಡಿ ಸಪ್ಪಳ ಕೇಳಿ ಎಲ್ಲಾ ಸಾಪ್ ಮಾಡಿ ಇಟ್ಟಿರತಾನ. ಗುಡ್ಡದ ಹಾದಿ ಹಿತ್ತಲಾ. ಸಪ್ಪಳ ಮಾಡದ ಹೋಗಿ ನಿಂತ್ರ ನನ್ನ ಮಗಳನ್ನ ಹೆಂಗ ಇಟ್ಟಾನ ಅನ್ನೂದು ಖರೇ ಗೊತ್ತಾಕ್ಕೈತಿ."

ಸರ್ವಾಂತರ್ಯಾಮಿಗೆ ಹೇಳದೆ ಹೋಗಿ ತಪಾಸಣೆ ಮಾಡುವ ಈ ಯೋಜನೆಯಲ್ಲಿ ಎಲ್ಲೋ ಒಂದು ತೂತಿದೆ ಎಂದು ನನಗನ್ನಿಸಿತ್ತು. ಹೇಳುವ ಧೈರ್ಯವಾಗಲಿಲ್ಲ.

ಇಷ್ಟೆಲ್ಲ ಅಕ್ಕರೆ ಗುಡ್ಡದ ಮೇಲಿನ ಮಗಳಿಗೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳೊಬ್ಬಳು ಬಮ್ಮಿಗಟ್ಟಿಯಲ್ಲಿದ್ದಳು. ಕಲಘಟಗಿ ತಾಲೂಕು, ಎರಡು ಬಸ್ಸು ಬದಲಿಸಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ಆ ಮಗಳೊಡನೆ ಆಕೆ ಆರು ವರ್ಷ ಮಾತು ಬಿಟ್ಟಿದ್ದಳು. ಅದರ ಮೂಲದಲ್ಲಿ ನನ್ನ ಗಿರಣಿಯೂ ಇದೆ ಎನ್ನುವುದು ಆಕೆಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಆದದ್ದಿಷ್ಟು. ನಮ್ಮದು ಎರೆ ಭೂಮಿ, ಜೋಳ ತಿನ್ನುವ ಮಂದಿ. ಬಮ್ಮಿಗಟ್ಟಿಯ ಕಡೆ ಭತ್ತ ಬೆಳೆಯುತ್ತದೆ, ಬೀಗರ ಮನೆಯಲ್ಲಿ ಎರಡು ಹೊತ್ತೂ ಅನ್ನ. ಮಗಳು ಅನ್ನ ತಿಂದು ಮೆತ್ತಗಾಗುತ್ತಾಳೆಂದು ಆಕೆಗೆ ದೊಡ್ಡ ಚಿಂತೆ. ಒಂದು ಬೇಸಿಗೆಯಲ್ಲಿ ಒಂದು ಚೀಲ ಜೋಳ ಹೊತ್ತು ತರಿಸಿ ಗಿರಣಿ ಮುಂದೆ ಇಳಿಸಿದಳು. ಜೋಳವನ್ನೇ ಕಳಿಸಿದರೆ ಬೇಕಾದಷ್ಟು ಬೀಸಿಕೊಳ್ಳುತ್ತಾರಲ್ಲ ಎಂದು ನಾನು ಹೇಳಬೇಕಿತ್ತು. ಅಷ್ಟರಲ್ಲಿ ಆಕೆ, "ಆ ಊರ ಗಿರಣ್ಯಾಗ ಅಕ್ಕಿ ಬೀಸತಾರ, ನನ್ನ ಜೋಳಕ್ಕ ಅಕ್ಕಿ ನಾತಾ ಹತ್ತತೈತಿ. ನಿನ್ನ ಗಿರಣಿ ಹಿಟ್ಟ ಅಂದ್ರ ಹಿಟ್ಟು" ಎಂದುಬಿಟ್ಟಳು. ಮೂವತ್ತು ವರ್ಷದಲ್ಲಿ ಆಕೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ನಾನು ಉಬ್ಬಿ ಹೋದೆ. ಇಡೀ ಚೀಲ ಬೀಸಿ ಕೊಟ್ಟೆ. ಜೋಳದ ಹಿಟ್ಟು ಎಷ್ಟು ದಿನ ಬಾಳುತ್ತದೆಂದು ಗಿರಣಿಯವನಿಗೆ ಗೊತ್ತಿಲ್ಲವೇ?

ನಾಲ್ಕು ತಿಂಗಳ ಮೇಲೆ ಆಕೆ ಬಮ್ಮಿಗಟ್ಟಿಗೆ ಹೋದಳು. ಹೇಳದೆ, ಹಿತ್ತಲಿನಿಂದ. ಅಂದು ಅಲ್ಲಿ ಬೀಗರ ನೆಂಟರೆಲ್ಲ ಸೇರಿ ಊಟಕ್ಕೆ ಕೂತಿದ್ದರು. ಈಕೆ ಸಂದುಕದ ಪಕ್ಕದ ದೊಡ್ಡ ಡಬ್ಬಿಯ ಮುಚ್ಚಳ ತೆಗೆದು, ಒಳಗಿನಿಂದಲೇ ಕೂಗಿ ಹೇಳಿದಳು: "ಹಿಟ್ಟಿನ್ಯಾಗ ಹುಳಾ ಆಗ್ಯಾವು. ಇದೇನ ಸಂಸಾರಾ ಮಾಡತಿಯವಾ? ನಾ ಕಲಿಸಿದ್ದು ಇದನ?"

ಪಂಕ್ತಿಯಲ್ಲಿ ಕೂತವರೆಲ್ಲ ಕೈ ತಡೆದರಂತೆ. ಮಗಳು ಒಂದು ಮಾತೂ ತಿರುಗಿ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ, "ಯವ್ವಾ, ಇನ್ನ ಮ್ಯಾಲೆ ನಮ್ಮ ಮನಿಗೆ ಬರೂದಾದ್ರ ಹೇಳಿ ಬಾ" ಎಂದಳು.

"ಮಗಳ ಮನಿಗೆ ಹೇಳಿ ಬರಾಕ ನಾ ಏನ ತಹಶೀಲ್ದಾರನ?" ಎಂದು ಈಕೆ ಕೈಚೀಲ ಎತ್ತಿಕೊಂಡು ಹೊರಬಿದ್ದಳು. ಅಲ್ಲಿಗೆ ತಾಯಿ ಮಗಳ ಮಾತು ನಿಂತಿತು. ಈಕೆ ಊರಿಗೆ ಬಂದು ಎಲ್ಲರ ಮುಂದೆ ಹುಳದ ಕಥೆ ಹೇಳಿದಳು, ನನ್ನ ಮುಂದೆಯೂ ಹೇಳಿದಳು. ಕೇಳುತ್ತ ಕೇಳುತ್ತ ನಾನು ಮನಸ್ಸಿನಲ್ಲೇ ತಿಂಗಳು ಎಣಿಸಿದೆ. ಅದು ಯಾರ ಹಿಟ್ಟು, ಯಾರು ಬೀಸಿದ್ದು ಎಂದು ಈಕೆಗೆ ಹೊಳೆದೇ ಇರಲಿಲ್ಲ. ತಾನು ಕಳಿಸಿದ್ದು ಯಾವತ್ತೋ ತಿಂದು ಮುಗಿದಿದೆ, ಇದು ಮಗಳೇ ಬೀಸಿಸಿ ಕೆಡಿಸಿಟ್ಟ ಹಿಟ್ಟು ಎಂದೇ ಆಕೆಯ ನಂಬಿಕೆ. ಎರಡು ಹೊತ್ತು ಅನ್ನ ಉಣ್ಣುವ ಮನೆಯಲ್ಲಿ ಒಂದು ಚೀಲ ಜೋಳದ ಹಿಟ್ಟು ನಾಲ್ಕು ತಿಂಗಳಲ್ಲಿ ಮುಗಿಯುವುದಿಲ್ಲ ಎನ್ನುವುದು ಜೋಳ ತಿನ್ನುವವರ ತಲೆಗೆ ಹೋಗುವ ಮಾತಲ್ಲ. ನಾನು ಹೇಳಬಹುದಿತ್ತು. ಬೈಗುಳಕ್ಕೆ ಹೆದರಿ ಆರು ವರ್ಷ ಬಾಯಿ ಮುಚ್ಚಿಕೊಂಡು ಕೂತೆ. ಹೇಡಿತನಕ್ಕೆ ನಾಳೆ ಹೇಳಿದರಾಯಿತು ಎನ್ನುವುದೇ ಹೆಸರು.

ಆರನೆಯ ವರ್ಷದ ಪಾದಯಾತ್ರೆಗೆ ಆಕೆ ನನ್ನನ್ನೂ ಎಬ್ಬಿಸಿದಳು. "ನಿನ್ನ ಹೊಟ್ಟಿ ನಿನಗಿಂತ ಮೊದಲ ಮನಿ ಹೊಗತೈತಿ. ನಡಿ, ಜರಾ ಸವದ ಬರಲಿ." ಆಕೆಯ ಮಗ ಬಂದು ನನ್ನ ಕೈ ಹಿಡಿದ. ಅವ್ವನ ಮೊಣಕಾಲು ಬಾತಿವೆ, ಡಾಕ್ಟರು ಬೇಡ ಎಂದಿದ್ದಾರೆ, ಈ ಸಲ ಗುಡ್ಡದ ಹಾದಿ ಬಿಡಿಸಿ ಆತ್ಮಕೂರಿನಿಂದ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು ನನ್ನ ಜವಾಬ್ದಾರಿ ಎಂದ. ನಾನು ಆಣೆ ಮಾಡಿದೆ. ಆಕೆಯೂ ಒಪ್ಪಿದಳು. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೇ ನನಗೆ ಸಂಶಯ ಬರಬೇಕಿತ್ತು. ಆದರೆ ಪಾಪ, ಆ ಸಲ ಖರೇ ಒಪ್ಪಿದ್ದಳು, ಮೊಣಕಾಲು ಅಷ್ಟು ನೋಯುತ್ತಿದ್ದವು.

ಗದಗ, ಕೊಪ್ಪಳ ದಾಟಿ ನಡೆದೆವು. ಹಾದಿಗುಂಟ ಊರವರು ಚಪ್ಪರ ಹಾಕಿ ಊಟ, ಮಜ್ಜಿಗೆ ಕೊಟ್ಟು ಕಾಲಿಗೆ ಎಣ್ಣೆ ತಿಕ್ಕುವರು. ಆಕೆ ಪ್ರತಿ ದಾಸೋಹದ ಅಡುಗೆ ಡೇರೆಗೂ ಹಿಂದಿನಿಂದ ಹೊಕ್ಕು ಮುಚ್ಚಳ ಎತ್ತಿ ನೋಡಿದಳು. ಒಂದು ಕಡೆ ಸಾರಿಗೆ ಉಪ್ಪು ಹಾಕಿಸಿದಳು. ಇನ್ನೊಂದು ಕಡೆ ಅಡುಗೆಯವನೇ ಸಟ್ಟುಗ ಆಕೆಯ ಕೈಗೆ ಕೊಟ್ಟು ಹೊರಗೆ ಬಂದು ಕೂತ. ನನಗೆ ಮೂರನೆಯ ದಿನಕ್ಕೇ ಕಾಲಲ್ಲಿ ಗುಳ್ಳೆ ಎದ್ದವು. "ಇನ್ನ ಎಷ್ಟ ದೂರ ಐತಿ ಚಿಗವ್ವಾ?" ಎಂದಾಗಲೆಲ್ಲ "ಇಲ್ಲೇ ಐತಿ" ಎನ್ನುವಳು. ಕೊಪ್ಪಳದಲ್ಲೂ ಶ್ರೀಶೈಲ ಇಲ್ಲೇ ಇತ್ತು, ಕರ್ನೂಲಿನಲ್ಲೂ ಇಲ್ಲೇ ಇತ್ತು.

ಆತ್ಮಕೂರಿನಲ್ಲಿ ಗಾಡಿ ಗೊತ್ತು ಮಾಡಿ ಚೀಲ ಏರಿಸಿದ್ದೆ. ಅಷ್ಟರಲ್ಲಿ ಕಲಘಟಗಿ ಕಡೆಯ ಒಂದು ತಂಡ ಬಾಜೂಕ ಬಂದು ಕೂತಿತು. ಆಕೆ ಯಾರನ್ನೂ ಏನೂ ಕೇಳಲಿಲ್ಲ. "ಯಾವ ಊರಿನವರ್ರಿ?" ಎಂದು ನನ್ನಿಂದ ಕೇಳಿಸಿದಳು. ಬಮ್ಮಿಗಟ್ಟಿಯವರೂ ಬಂದಿದ್ದಾರೆ, ಅದರಲ್ಲಿ ಶಲವಡಿಯಿಂದ ಸೊಸೆಯಾಗಿ ಬಂದವಳೊಬ್ಬಳಿದ್ದಾಳೆ, ಕಾಲು ತುಂಬ ಗುಳ್ಳೆ ಎದ್ದು ಕುಂಟುತ್ತಿದ್ದಳು, ಅವರ ಗುಂಪು ಮುಂದೆ ಹೋಯಿತು ಎಂದು ತಿಳಿಯಿತು.

ಆಕೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಗಾಡಿಯಿಂದ ತನ್ನ ಗಂಟು ಎಳೆದುಕೊಂಡಳು.

"ನಡಿ ಲೇ. ಗುಡ್ಡದ ಹಾದಿ."

"ಚಿಗವ್ವಾ! ನಿಮ್ಮ ಮಗಗ ಆಣಿ ಮಾಡೇನಿ!"

"ನೀ ಮಾಡೀದಿ, ನೀ ಗಾಡ್ಯಾಗ ಹೋಗು. ಆಕಿ ಕಾಲು ನೋವು ಅಂತ ಟಾರ್ ರೋಡ ಹಿಡದಿರತಾಳ. ಅಲ್ಲಿ ಆಕಿ ಮಾರಿ ನೋಡೂದಕಿಂತ ಭೀಮನ ಕೊಳ್ಳದಾಗ ಉಳ್ಳಿ ಬೀಳೂದು ಚಲೋ."

ಈ ಸಲ ಮಾತ್ರ ಆಕೆ ಹಿತ್ತಲ ಹಾದಿ ಹಿಡಿದದ್ದು ಯಾರನ್ನೋ ನೋಡುವುದಕ್ಕಲ್ಲ, ನೋಡದಿರುವುದಕ್ಕೆ. ನಾನು ನನ್ನ ಚೀಲವನ್ನೂ ಇಳಿಸಿದೆ, ಇನ್ನೇನು ಮಾಡಲಿ?

ಕಾಡಿನ ಎರಡು ದಿನ ಆಕೆ ಬೈಗುಳದ ಬಲದ ಮೇಲೆಯೇ ನಡೆದಳು. ಕಲ್ಲಿಗೆ ಬೈದಳು, ಬಿಸಿಲಿಗೆ ಬೈದಳು, ಇಂಥ ಗುಡ್ಡದಲ್ಲಿ ಮನೆ ಮಾಡಿದ ಅಳಿಯನಿಗೆ ಬೈದಳು. ಬೈಯಲು ಉಸಿರಿಲ್ಲದಾಗ ಮಾತ್ರ ನನ್ನ ಹೆಗಲು ಹಿಡಿಯುತ್ತಿದ್ದಳು. ಆ ಹಿಡಿತ ಹೊತ್ತು ಹೋದಂತೆ ಬಿಗಿಯಾಗುತ್ತಿತ್ತು, ನನಗೆ ಖರೇ ಹೆದರಿಕೆಯಾಯಿತು. ಭೀಮನ ಕೊಳ್ಳಕ್ಕೆ ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಕೂತು ಕೂತು ಇಳಿದಳು. ಕೆಳಗೆ ನೀರು ಕುಡಿದು ತಲೆ ಎತ್ತಿ ನೋಡಿದರೆ, ಎದುರಿನ ಏರಿನ ಎರಡನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕಾಲಿಗೆ ಸುತ್ತಿದ ಅರಿವೆ ಬಿಚ್ಚಿಕೊಂಡು ಕೂತಿದ್ದಳು. ಜೊತೆಯವರು ಮುಂದೆ ಹತ್ತಿ ಹೋಗಿದ್ದರು.

ಬಮ್ಮಿಗಟ್ಟಿಯ ಮಗಳು.

ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಒಂದು ಮಂಗ ಮೇಲಿನ ಗಿಡದಿಂದ ಮೂವರನ್ನೂ ನೋಡಿತು. ಕೊನೆಗೆ ನಾನೇ, "ಏನವಾ ತಂಗಿ, ನೀ ಈ ಹಾದೀಲೆ ಯಾಕ ಬಂದಿ?" ಎಂದೆ.

"ಅವ್ವಗ ಮೊಣಕಾಲ ನೋವೈತಿ, ಗಾಡ್ಯಾಗ ಹೋಗತಾಳ ಅಂತ ನಮ್ಮ ತಮ್ಮ ಫೋನಿನ್ಯಾಗ ಹೇಳಿದ್ದ. ಅದಕ್ಕ ಗುಡ್ಡದ ಹಾದಿ ಹಿಡದ್ನಿ, ಅಣ್ಣಾ."

ನನಗೆ ನಗು ಉಕ್ಕಿ ಬಂತು. ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳಲು ಇಬ್ಬರೂ ಕುಂಟುಕಾಲಲ್ಲಿ ಎರಡು ದಿನ ಕಾಡು ತುಳಿದು ಒಂದೇ ಕೊಳ್ಳಕ್ಕೆ ಬಂದು ಮುಟ್ಟಿದ್ದರು. ಇಬ್ಬರೂ ಒಂದೇ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದ್ದರಿಂದ ನಗು ನುಂಗಿಕೊಂಡೆ.

ಆಮೇಲೆ ಮಾತು ಶುರುವಾಯಿತು, ನನ್ನ ಮೂಲಕ. "ಗಿರಣಿ, ಕಾಲಿಗೆ ಹಂಗ ಅರಿಬಿ ಬಿಗದ ಕಟ್ಟಬಾರದಂತ ಆಕಿಗೆ ಹೇಳು." "ಅಣ್ಣಾ, ಎಪ್ಪತ್ತ ವರ್ಷ ದಾಟಿದವರು ಮನ್ಯಾಗ ಕುಂದರಬೇಕಂತ ಅವರಿಗೆ ಹೇಳ್ರಿ." "ನನ್ನ ಮಗಳನ್ನ ನೋಡಾಕ ಹೊಂಟೀನಿ, ಹೇಳು." "ಆ ಮಗಳ ಅಡಗಿಮನ್ಯಾಗೂ ಹುಳಾ ಹುಡುಕ್ರಿ ಅಂತ ಹೇಳ್ರಿ." ಇಬ್ಬರ ನಡುವೆ ಮೂರು ಮೊಳ ದೂರವಿರಲಿಲ್ಲ. ನಾನು ಟೆಲಿಫೋನ್ ಕಂಬದ ಹಾಗೆ ನಡುವೆ ನಿಂತಿದ್ದೆ.

ಹುಳದ ಮಾತು ಬಂದದ್ದೇ ತಾಯಿಯ ದನಿ ಏರಿತು. "ಇತ್ತಿಲ್ಲೇನ ಹುಳಾ? ಇದ್ದದ್ದು ಹೇಳಿದ್ರ ಎದ್ದ ಬಂದು ಎದಿಗೆ ಒದ್ದರಂತ. ಕೇಳು ಆಕಿಗೆ."

ಮಗಳು ತಾಯಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಅಣ್ಣಾ, ಆ ಹಿಟ್ಟು ಯಾರ ಗಿರಣ್ಯಾಗ ಬೀಸಿದ್ದು? ನೀವ ಹೇಳ್ರಿ."

ಆರು ವರ್ಷ ಬಾರದ ನಾಳೆ ಭೀಮನ ಕೊಳ್ಳದಲ್ಲಿ ಬಂದು ಕೂತಿತ್ತು. ನಾನು ಮಂಗನ ಕಡೆ ನೋಡಿದೆ. ಅದೂ ಉತ್ತರಕ್ಕೆ ಕಾಯುತ್ತಿತ್ತು.

"ನನ್ನ ಗಿರಣ್ಯಾಗ, ಚಿಗವ್ವಾ. ನೀವ ಕಳಿಸಿದ ಚೀಲದ ಹಿಟ್ಟು ಅದು. ಅನ್ನಾ ಉಣ್ಣೂ ಮನಿ, ಮುಗೀಲಿಲ್ಲ, ಹುಳಾ ಬಿತ್ತು."

ಆಕೆ ಮಗಳ ಕಡೆ ತಿರುಗಿ ಕೂತಳು. ಆಮೇಲೆ ಮೊದಲ ಸಲ ಮಗಳಿಗೇ ಕೇಳಿದಳು, ಬಹಳ ಮೆತ್ತಗೆ: "ಅವತ್ತ ಯಾಕ ಹೇಳಲಿಲ್ಲ ಬೇ?"

"ಬೀಗರೆಲ್ಲಾ ಉಣ್ಣಾಕ ಕುಂತಿದ್ರು. ಹುಳದ ಹಿಟ್ಟು ನಮ್ಮವ್ವ ಕಳಿಸ್ಯಾಳ ಅಂತ ಅವರ ಮುಂದ ಹೆಂಗ ಹೇಳ್ಲಿ? ನನಗ ಅಂದ್ರ ಅನ್ಲಿ ಅಂತ ಸುಮ್ನಾದ್ನಿ."

ಆರು ವರ್ಷ ತಾಯಿಯ ಮಾನ ಉಳಿಸಿದ ಮಗಳ ಮೇಲೆ ತಾಯಿ ಊರ ತುಂಬ ಹುಳದ ಕಥೆ ಹೇಳಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ? ಆಕೆಯ ಮುಖ ಒಂದು ಗಳಿಗೆ ಹೇಗಾಯಿತೆಂದರೆ, ಈಗ ಅತ್ತೇಬಿಡುತ್ತಾಳೆ, ಮಗಳ ಕೈ ಹಿಡಿದುಬಿಡುತ್ತಾಳೆ ಎಂದುಕೊಂಡೆ. ಆಕೆ ಧಡಕ್ಕನೆ ನನ್ನ ಕಡೆ ತಿರುಗಿದಳು.

"ಲೇ ಗಿರಣಿ! ಇಡೀ ಚೀಲಾ ಬೀಸಂದ್ರ ಬೀಸೇಬಿಡೂದನ? ನಿನಗ ಬುದ್ಧಿ ಬ್ಯಾಡ? ಮೂವತ್ತ ವರ್ಷ ಹಿಟ್ಟಿನ್ಯಾಗ ಉಳ್ಳ್ಯಾಡೀದಿ, ಹಿಟ್ಟು ಬಾಳೂದಿಲ್ಲ ಅನ್ನೂದು ಗೊತ್ತಿಲ್ಲ?"

"ಅಲ್ಲಾ ಅಣ್ಣಾ," ಮಗಳು ಸೇರಿಕೊಂಡಳು, "ಬೀಸಿದ್ದು ಇರ್ಲಿ, ಆರು ವರ್ಷದಾಗ ಒಮ್ಮೆರೆ ಬಾಯಿ ಬಿಡಬಾರದನ?"

"ಹೇಡಿ ಬೇ ಇಂವಾ. ಮೊದಲಿಂದಲೂ ಹಿಂಗ. ಮೋಟಾರ ಸುಟ್ಟಾಗೂ ಬಾಯಿ ಬಿಡಲಿಲ್ಲ."

"ಹೊಟ್ಟಿ ನೋಡ ಬೇ ಯವ್ವಾ, ಹಿಟ್ಟಿನ ಚೀಲದಂಗ ಆಗೈತಿ."

ಅರ್ಧ ತಾಸು ತಾಯಿ ಮಗಳು ಸೇರಿ ನನ್ನನ್ನು ಬೀಸಿದರು, ನಡುವೆ ನೀರು ಕುಡಿದು ಮತ್ತೆ ಬೀಸಿದರು. ನಾನು ತಲೆ ತಗ್ಗಿಸಿ ಕೂತು, ಜನ್ಮದಲ್ಲಿ ಇಷ್ಟು ಸುಖವಾಗಿ ಬೈಸಿಕೊಂಡಿರಲಿಲ್ಲ ಅಂದುಕೊಂಡೆ. ಬೈದು ಮುಗಿಸಿ ಆಕೆ ಮಗಳ ಪಾದ ತೊಡೆಯ ಮೇಲೆಳೆದುಕೊಂಡು ಅರಿವೆ ಬಿಚ್ಚಿ ಸಡಿಲಾಗಿ ಕಟ್ಟಿದಳು. ಎದ್ದಾಗ ಇಬ್ಬರೂ ಒಬ್ಬರ ರಟ್ಟೆ ಒಬ್ಬರು ಹಿಡಿದಿದ್ದರು. "ಆಕಿಗೆ ಏರಾಕ ಆಗೂದಿಲ್ಲ, ಅದಕ್ಕ ಹಿಡದೀನಿ" ಎಂದು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದರು. ಎರಡೂ ಗಂಟುಗಳು ನನ್ನ ತಲೆಯ ಮೇಲಿದ್ದವು.

ಗುಡಿಯಲ್ಲಿ ಎರಡು ಸೀರೆ ಬಿಚ್ಚಿದರು. ಮಗಳು ತಂದದ್ದನ್ನು ಆಕೆ ಬೆರಳಲ್ಲಿ ತಿಕ್ಕಿ ನೋಡಿ, "ಬಣ್ಣಾ ಬಿಡತೈತಿ ಇದು" ಎನ್ನದೆ ಬಿಡಲಿಲ್ಲ. ಆಮೇಲೆ ಭ್ರಮರಾಂಬೆಯ ಮುಂದೆ ನಿಂತು, "ಇದು ನಂದು. ಇದು ನಿಮ್ಮ ಅಕ್ಕಂದು. ಪಾಪ, ಕುಂಟಕೋಂತ ತಂದಾಳ, ಮೊದಲ ಅದನ್ನ ಉಟ್ಕೊ" ಎಂದಳು.

ಅಲ್ಲಿಂದ ಮೂರು ವರ್ಷ ಆಕೆ ಬಮ್ಮಿಗಟ್ಟಿಗೆ ಹೋಗಿ ಬಂದು ಮಾಡಿದಳು. ಹೇಳಿ ಬರಬೇಕೆಂಬ ಷರತ್ತನ್ನು ಮಗಳು ಬಿಡಲಿಲ್ಲ, ಆಕೆಯೂ ಮುರಿಯಲಿಲ್ಲ. ಬಮ್ಮಿಗಟ್ಟಿಯಲ್ಲಿ ಬಸ್ಸಿಳಿದು, ನಡೆದುಹೋಗಿ, ಮಗಳ ಹಿತ್ತಲ ಬಾಗಿಲ ಮುಂದೆ ನಿಂತು ಫೋನ್ ಮಾಡುತ್ತಿದ್ದಳು: "ಬರಾಕತ್ತೀನಿ ನೋಡವಾ." ಒಳಗೆ ಫೋನ್ ರಿಂಗಾಗುವುದು ಹೊರಗೆ ಆಕೆಗೇ ಕೇಳಿಸುತ್ತಿತ್ತು. ಜೋಳದ ಹಿಟ್ಟು ಮಾತ್ರ ಎರಡೆರಡು ಸೇರಿನಂತೆ ಹೋಗುತ್ತಿತ್ತು. ಪ್ರತಿ ಸಲವೂ "ಇಷ್ಟ ಸಾಕೇನಲೇ ಗಿರಣಿ?" ಎಂದು ನನ್ನನ್ನು ಕೇಳಿಯೇ ಬೀಸಿಸುವಳು.

ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ಬೇವಿನ ಗಿಡದ ಕೆಳಗಿನ ಗೋಡೆಯ ಮೇಲೆ ಕೂತವಳು ಕೂತಂತೆಯೇ ಹೋದಳು. ಹಿಂದಿನ ದಿನ ಜ್ವರವಿಲ್ಲ, ನೆಗಡಿಯಿಲ್ಲ. ಒಂದು ಕಾಲು ಅವರ ಹಿತ್ತಲಲ್ಲಿತ್ತು, ಒಂದು ಕಾಲು ನನ್ನ ಗಿರಣಿಯ ಕಡೆ. ಮಗಳು ಮಧ್ಯಾಹ್ನಕ್ಕೆ ಬಂದು ಮುಟ್ಟಿದಳು. ಅವ್ವನ ಪಾದದ ಹತ್ತಿರ ಕೂತು ಅತ್ತು, "ಬರೂವಾಗ ಹೇಳಿ ಬಾ ಅಂತ ಜಗಳಾ ಆಡಿದ್ನೆಲ್ಲ ಬೇ. ಹೋಗೂವಾಗರೆ ಒಂದ ಮಾತ ಹೇಳಬಾರದಿತ್ತನ?" ಎಂದಳು. ನಾನು ಗಿರಣಿ ಬಂದ್ ಮಾಡಿ ಒಳಗೆ ಹಿಟ್ಟಿನ ಧೂಳಲ್ಲಿ ಕೂತು ಅತ್ತೆ. ಇಂದಿಗೂ ಹಿತ್ತಲಲ್ಲಿ ಮುಚ್ಚಳದ ಸಪ್ಪಳವಾದರೆ ನನ್ನ ಹೆಂಡತಿ ಕಸಬರಿಗೆ ಹಿಡಿಯುವುದಿಲ್ಲ. ಬೆಕ್ಕಾಗಿದ್ದರೂ ತಿಂದುಕೊಂಡು ಹೋಗಲಿ ಎಂದು ಸುಮ್ಮನಿರುತ್ತಾಳೆ.

ಈ ವರ್ಷ ಯುಗಾದಿಗೆ ಮುಂಚೆ ಮತ್ತೆ ನಡೆದೆವು. ಮಗಳು ಬಮ್ಮಿಗಟ್ಟಿಯಿಂದ ನಮ್ಮ ಊರಿಗೇ ಬಂದು, ತವರಿನವರ ಜೊತೆ ಹೊರಟಿದ್ದಳು. ಅವ್ವ ಈ ಯಾತ್ರೆಗೆಂದು ಕಟ್ಟಿಟ್ಟಿದ್ದ ಸೀರೆ, ಖಣದ ಗಂಟನ್ನು ಬಿಚ್ಚದೆ ಹಾಗೇ ಹೊತ್ತಿದ್ದಳು. ಆತ್ಮಕೂರಿನಲ್ಲಿ ನಾನು ಗಾಡಿ ಗೊತ್ತು ಮಾಡಿ ಇಬ್ಬರ ಚೀಲವನ್ನೂ ಏರಿಸಿದೆ. ನನಗೂ ಈಗ ಮೊಣಕಾಲು ಮಾತಾಡುತ್ತವೆ, ಅವಳಿಗೂ ಐವತ್ತರ ಹತ್ತಿರ. ಜೊತೆಗೆ, ಹೇಳದೆ ಹೋಗಿ ನೋಡುವವಳೇ ಇಲ್ಲದ ಮೇಲೆ ಗುಡ್ಡದ ಹಾದಿ ಯಾರಿಗೆ ಬೇಕು? ಡ್ರೈವರ್ ಹಾರ್ನ್ ಹೊಡೆದ. ಅವಳು ಹತ್ತಲಿಲ್ಲ. ಕಾಡಿನ ಕಡೆ ನೋಡುತ್ತ ನಿಂತಿದ್ದಳು.

"ಅಣ್ಣಾ, ಗಾಡಿ ಬ್ಯಾಡ. ನಮ್ಮವ್ವ ಈಗ ಅಲ್ಲೇ ಇರತಾಳ, ಮ್ಯಾಲಿನ ತಂಗಿ ಮನ್ಯಾಗ. ಟಾರ್ ರೋಡಿಗೆ ಹೋದ್ರ ಸಪ್ಪಳಾ ಕೇಳಿ ಎಲ್ಲಾ ಸಾಪ್ ಮಾಡಿ ಇಡತಾಳ." ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಹಿತ್ತಲದಿಂದ ಹೋಗೂಣು. ಒಮ್ಮೆರೆ ನಾ ಆಕಿಗೆ ಹೇಳದ ಹೋಗತೀನಿ."

ನಾನು ಗಾಡಿಯಿಂದ ಚೀಲಗಳನ್ನು ಇಳಿಸಿಕೊಂಡೆ.